ಇನ್ನೂ ಇದ್ದಾಳೆ

ಬಟ್ಟೆಗೆ ಗುರುತು ಹಾಕುವಷ್ಟೇ ಜೋಪಾನವಾಗಿ ಸೀಮೆಸುಣ್ಣ ಹಿಡಿದು, ಟೈಲರಮ್ಮ ಕಪ್ಪುಹಲಗೆಯ ಮೇಲೆ ‘ಮೈ ಸಿಸ್ಟರ್ ಸ್ಟಿಲ್ ಎಕ್ಸಿಸ್ಟ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದದ್ದೇ ತಡ, ಸಂಜೆ ತರಗತಿಯ ಬೆಂಚುಗಳೆಲ್ಲ ಗೊಳ್ಳೆಂದವು.

‘ಎಕ್ಸಿಸ್ಟ್’ ಜೊತೆಗೆ ಯಾವ ಯಾವ ಪದ ಕೂಡುತ್ತದೆ ಎಂಬುದು ಅಂದಿನ ಪಾಠ. ಮೇಷ್ಟ್ರು ನಗು ನುಂಗಿಕೊಂಡು ಡಸ್ಟರ್ ಎತ್ತಿದರು. “ಹಳೇ ಸೇತುವೆ ಇನ್ನೂ ಇದೆ, ಹಳೇ ಕಾನೂನು ಇನ್ನೂ ಇದೆ ಅನ್ನೋಕೆ ಇದು ಸರಿಯಮ್ಮ. ಮನುಷ್ಯರು ಬದುಕಿದ್ದಾರೆ ಅನ್ನೋಕೆ ‘ಅಲೈವ್’ ಅನ್ನಬೇಕು.”

“ನಮ್ಮಕ್ಕ ಬದುಕಿರೋದು ಊರಿಗೇ ಗೊತ್ತು ಮೇಷ್ಟ್ರೇ. ಎರಡು ಬೀದಿ ಆಚೆ ಅವಳದ್ದೂ ಹೊಲಿಗೆ ಅಂಗಡಿ ಇದೆ. ಆದ್ರೆ ಯಾರು ಅವಳ ಹೆಸರೆತ್ತಿದ್ರೂ, ‘ನನ್ನ ಪಾಲಿಗೆ ಅವಳಿಲ್ಲ’ ಅಂತ ಹನ್ನೊಂದು ವರ್ಷದಿಂದ ಹೇಳ್ಕೊಂಡೇ ಬಂದಿದ್ದೀನಿ.”

ಡಸ್ಟರ್ ಹಲಗೆಗೆ ತಾಗುವ ಮೊದಲೇ ಟೈಲರಮ್ಮ ಸುಣ್ಣ ಮೆತ್ತಿದ ಕೈಯನ್ನು ಅಡ್ಡ ಹಿಡಿದಳು.

“ತಪ್ಪಾದ್ರೂ ಅದು ಹಾಗೇ ಇರ್ಲಿ, ಒರೆಸಬೇಡಿ. ಕನ್ನಡದಲ್ಲಿ ಹೇಳೋಕೆ ನಂಗಿನ್ನೂ ಬಾಯಿ ಬರ್ತಿಲ್ಲ.”