ಡ್ರೆಸ್ಸಿಂಗ್ ಹೊತ್ತಿನ ಕೀರ್ತನೆ

ಅಂಗೈಗೆ ಕಚ್ಚಿಕೊಂಡಿದ್ದ ಬ್ಯಾಂಡೇಜಿನ ಕೊನೆಯ ಪದರವನ್ನು ನರ್ಸ್ ಇಕ್ಕಳದಲ್ಲಿ ಹಿಡಿದಾಗ ವೆಲ್ಡರ್ ಹಲ್ಲು ಕಚ್ಚಿ ಗೋಡೆಯತ್ತ ಮುಖ ತಿರುಗಿಸಿದ. ಪಕ್ಕದ ಸ್ಟೂಲಿನಲ್ಲಿ ಕೂತ ಹೆಂಡತಿ ಬೈಬಲ್ ತೆರೆದು, ದೇವರೇ ನನ್ನ ಕುರುಬ ಎನ್ನುವ ಕೀರ್ತನೆ ಓದುತ್ತಿದ್ದಳು. ಗ್ಯಾಸ್ ಸಿಲಿಂಡರ್ ಸಿಡಿದು ಅವನ ಎರಡೂ ಕೈ ಸುಟ್ಟು ಇಂದಿಗೆ ಹನ್ನೊಂದು ದಿನ. ಹನ್ನೊಂದು ದಿನವೂ ಇದೇ ಓದು.

"ಶುರುವಾಯ್ತು ನೋಡಿ ಸಿಸ್ಟರ್, ಇವಳ ಪಾರಾಯಣ," ಎಂದು ಅವನು ದಿನಾ ಗೊಣಗುತ್ತಿದ್ದ. "ಅಷ್ಟು ಒಳ್ಳೆ ಕುರುಬ ಆಗಿದ್ರೆ ನನ್ನನ್ನ ಆ ಸಿಲಿಂಡರ್ ಹತ್ರ ಯಾಕೆ ಬಿಟ್ಟ, ಕೇಳೇ ಅವನನ್ನ." ಅವಳು ಓದು ಮುಂದುವರಿಸುತ್ತಿದ್ದಳು. ನರ್ಸ್ ಮಾತ್ರ ಆ ಓದಿಗೇ ತನ್ನ ಕೆಲಸ ಹೊಂದಿಸಿಕೊಂಡಿದ್ದಳು. ಹಸಿರು ಹುಲ್ಲಿನ ಸಾಲು ಮುಗಿಯುವಷ್ಟರಲ್ಲಿ ನೀರು ಹಾಕಿ ಬ್ಯಾಂಡೇಜು ನೆನೆಸುವುದು, ಕಾರ್ಗತ್ತಲ ಕಣಿವೆಯ ಸಾಲು ಬಂದಾಗ ಎಳೆಯುವುದು, ಕೊನೆಯ ಸಾಲಿಗೆ ಹೊಸದನ್ನು ಸುತ್ತುವುದು.

ಇಂದೂ ಕಣಿವೆ ಬಂತು. ನರ್ಸ್ ಎಳೆದಳು. ಬಟ್ಟೆಯ ಜೊತೆ ಚರ್ಮವೂ ಎದ್ದು ಬಂತು. ಪುಸ್ತಕದಿಂದ ಕಣ್ಣೆತ್ತಿದ ಹೆಂಡತಿ ಅವನ ಬೆರಳುಗಳನ್ನು ನೋಡಿಬಿಟ್ಟಳು. ಓದು ನಿಂತಿತು. ಪದರ ಅರ್ಧ ಕಿತ್ತಿದ್ದಂತೆಯೇ ನರ್ಸಿನ ಕೈಯೂ ನಿಂತಿತು.

"ಇವತ್ತು ನನ್ನ ಕೈಲಾಗಲ್ಲ ಸಿಸ್ಟರ್," ಎಂದು ಅವಳು ಬೈಬಲ್ ಮುಚ್ಚಿದಳು.

ಗೋಡೆಯತ್ತಲೇ ಮುಖವಿಟ್ಟು ಅವನು ಹೇಳಿದ.

"ಅಲ್ಲಿಗೇ ನಿಲ್ಲಿಸ್ಬೇಡ ಕಣೇ. ಕಣಿವೆ ಮಧ್ಯ ನನ್ನ ಬಿಟ್ಟು ಹೋಗ್ಬೇಡ. ಮುಂದಿಂದು ಓದು. ಅವನು ಜೊತೇಲೇ ಇದಾನೆ ಅಂತ ಬರತ್ತಲ್ಲ, ಅದು."