ಇಂಗ್ಲಿಷ್ ತರಗತಿಯ ಸರ್ವೇ

ರುದ್ರಮುನಿಯವರು ಒಂದು ಸಲ ಹೇಳಿದರೆ ಮುಗಿಯಿತು. ಮಗಳ ಓದು ಈ ವರ್ಷಕ್ಕೇ ಸಾಕು, ಮುಂದಿನ ವಾರ ನಿಶ್ಚಿತಾರ್ಥ. ಅವಳು ಅತ್ತರೂ ಕಿವಿಗೊಡಲಿಲ್ಲ.

ಸಂಜೆ ಅವಳ ಸಹಪಾಠಿ ತಸ್ಲೀಮ ಜಗಲಿ ಹತ್ತಿ ಬಂದಳು.

"ಅಂಕಲ್, ಜನರನ್ನ ಕೇಳಿ ಸರ್ವೇ ಮಾಡಿ ಇಂಗ್ಲಿಷಲ್ಲಿ ಬರೀಬೇಕಂತೆ. ಓದೋ ಹುಡುಗೀನ ಅರ್ಧಕ್ಕೆ ಬಿಡಿಸಿ ಮದುವೆ ಮಾಡೋದು ಸರೀನಾ?"

ಹೊರಗಿನವರೆದುರು ರುದ್ರಮುನಿಯವರ ಗತ್ತೇ ಬೇರೆ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

"ಮಹಾ ತಪ್ಪು! ಹಾಗೆ ಮಾಡೋನು ಅಪ್ಪನೇ ಅಲ್ಲ ಅಂತ ಬರ್ಕೊ."

"ನಿಮ್ಮ ಹೆಸರು ಹಾಕಿ ಕ್ಲಾಸಲ್ಲಿ ಓದ್ಲಾ?"

"ಧಾರಾಳವಾಗಿ ಓದು. ಪಾಪ, ಇನ್ನೂ ಎಷ್ಟು ಮನೆ ಸುತ್ತಬೇಕಮ್ಮ ನೀನು?"

ತಸ್ಲೀಮ ಪೆನ್ನಿಗೆ ಮುಚ್ಚಳ ಹಾಕಿದಳು.

"ಮುಗೀತು ಅಂಕಲ್. ಪ್ರಶ್ನೆ ಬರೆದುಕೊಟ್ಟ ನಿಮ್ಮ ಮಗಳು, ಇದೊಂದು ಮನೆ ಕೇಳಿದ್ರೆ ಸಾಕು ಅಂದಳು."