ನೂರ ನಲವತ್ತಮೂರನೆಯ ಹೆಸರು

"ದಳಪತಿಗಳ ಹೆಸರು ಅಡುಗೆಯವನ ಕೆಳಗೆ! ತಲೆ ನೆಟ್ಟಗಿದೆಯೇನಮ್ಮ ನಿನಗೆ?"

ಕರಿಕಲ್ಲಿನ ಗೋಡೆಯ ಮುಂದೆ ನಿಂತು ಅಧಿಕಾರಿ ಕೂಗಾಡಿದ. ಗಡಿಯ ಠಾಣೆ ಉಳಿಸಿಕೊಳ್ಳಲು ಹೋರಾಡಿ ಮಡಿದ ಇನ್ನೂರ ಹನ್ನೊಂದು ಮಂದಿಯ ಸ್ಮಾರಕ ಅದು. ಉದ್ಘಾಟನೆಗೆ ಉಳಿದಿದ್ದು ಒಂದೇ ದಿನ.

ಕಲ್ಲು ಕೆತ್ತುವವಳು ಏಣಿಯಿಂದ ಇಳಿದು ಬಂದಳು. "ಅಕ್ಷರಮಾಲೆ ಪ್ರಕಾರ ಕೆತ್ತು ಅಂತ ಸಮಿತಿಯವರೇ ಬರೆದುಕೊಟ್ಟಿದ್ದು ಸಾರ್. ಅಡುಗೆಯವರದು ನೂರ ನಲವತ್ತೆರಡು, ದಳಪತಿಗಳದ್ದು ನೂರ ನಲವತ್ತಮೂರು."

"ಆ ಅಡುಗೆಯವನು ನಿಮ್ಮಪ್ಪ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಅವಳ ಮುಖ ಕೆಂಪಾಯಿತು. ಅಪ್ಪನ ಹೆಸರು ಕೆತ್ತುವಾಗ ಎರಡು ಸಲ ಉಳಿ ಕೆಳಗಿಟ್ಟು ಕೂತಿದ್ದು ನಿಜ. ಆದರೆ ಒಂದಕ್ಷರವನ್ನೂ ಕೂದಲೆಳೆಯಷ್ಟು ದೊಡ್ಡದು ಮಾಡಿರಲಿಲ್ಲ.

"ಹೋಗಲಿ, ಅಳಿಸೋಕಂತೂ ಆಗಲ್ಲ. ಎಲ್ಲರಿಗಿಂತ ಮೇಲೆ, ದಪ್ಪಕ್ಷರದಲ್ಲಿ, ದಳಪತಿಗಳ ಹೆಸರು ಇನ್ನೊಂದು ಸಲ ಕೆತ್ತು. ಸಂಜೆಯೊಳಗೆ ಆಗಬೇಕು. ಇಲ್ಲಾಂದ್ರೆ ಬೇರೆಯವರ ಕೈಲಿ ಮಾಡಿಸ್ತೀನಿ."

"ಠಾಣೆ ಉಳಿಸಿದ್ದು ಇನ್ನೂರ ಹನ್ನೊಂದು ಜನ ಸಾರ್. ಹಾಗೆ ಕೆತ್ತಿದ್ರೆ ಇದು ಒಬ್ಬರ ಗೋಡೆ ಆಗುತ್ತೆ, ದೇಶದ ಗೋಡೆ ಆಗಲ್ಲ. ಬೇರೆಯವರ ಕೈಲೇ ಮಾಡಿಸಿ." ಅವಳು ಉಳಿ ಸುತ್ತಿಗೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅಷ್ಟರಲ್ಲಿ ಗೋಡೆ ನೋಡಲು ದಳಪತಿಯ ಹೆಂಡತಿಯೇ ಬಂದರು. ಅಧಿಕಾರಿ ಕೈ ಕೈ ಹಿಸುಕಿಕೊಂಡ. "ತಪ್ಪಾಗಿದೆ ಅಮ್ಮಾ, ಸರಿಮಾಡಿಸ್ತಾ ಇದ್ದೀವಿ."

ಆಕೆ ಗೋಡೆಯ ಬಳಿಗೆ ನಡೆದರು. ಮೊದಲ ಹೆಸರಿನಿಂದ ಶುರುಮಾಡಿ, ತುಟಿಯಲ್ಲೇ ಓದಿಕೊಳ್ಳುತ್ತ, ಒಂದೊಂದೇ ಹೆಜ್ಜೆ ಸರಿದರು. ಗಂಡನ ಹೆಸರಿನ ಹತ್ತಿರ ಬಂದಾಗ, ಅದರ ಮೇಲಿನ ಹೆಸರಿನಲ್ಲಿ ಅವರ ಬೆರಳು ನಿಂತಿತು.

"ನಮ್ಮವರು ಕಾಗದದಲ್ಲಿ ಬರೀತಿದ್ರು. ಠಾಣೇಲಿ ಎಲ್ಲರ ಊಟ ಆದಮೇಲೇನೇ ಇವರಿಬ್ಬರೂ ತಟ್ಟೆ ಇಟ್ಕೊಂಡು ಕೂರ್ತಿದ್ರಂತೆ. ಏನೂ ಉಳೀದಿದ್ದ ದಿನ ನೀರು ಕುಡಿದು, ನಗಾಡ್ಕೊಂಡು ಏಳ್ತಿದ್ರಂತೆ. ಸೇರಬೇಕಾದ ಜಾಗಕ್ಕೇ ಸೇರಿದ್ದಾರೆ ಬಿಡಿ."

"ಅವರು ನಮ್ಮಪ್ಪ," ಎಂದಳು ಕೆತ್ತುವವಳು, ಬೆನ್ನು ನೆಟ್ಟಗೆ ಮಾಡಿ. ಕಲ್ಲುಪುಡಿ ಮೆತ್ತಿದ ಅವಳ ಕೈಯನ್ನು ಆಕೆ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ಅಧಿಕಾರಿಯ ಚಡಪಡಿಕೆ ನಿಂತಿರಲಿಲ್ಲ. "ನಾಳೆ ಮಂತ್ರಿಗಳು ಬಂದು ದಳಪತಿಗಳ ಹೆಸರೆಲ್ಲಿ ಅಂತ ಕೇಳಿದ್ರೆ ಏನು ಹೇಳಲಿ ಅಮ್ಮಾ?"

"ಮೊದಲನೇದರಿಂದ ಓದ್ತಾ ಬನ್ನಿ, ಸಿಗುತ್ತೆ ಅನ್ನಿ."